ಮ್ಯಾಂಚೆಸ್ಟರಿನಲ್ಲಿ ಒಂದು ಅಮಾವಾಸ್ಯೆ

ವಿದ್ಯೆಗಾಗಿ ಸಮುದ್ರ ದಾಟಿದವನ ದೃಷ್ಟಿ ವಿಶಾಲವಾಗುತ್ತದೆ, ಮನಸ್ಸಿನ ಸಂಕೋಲೆಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ಅವನು ಹೊಸ ಮನುಷ್ಯನಾಗಿ ಹಿಂದಿರುಗುತ್ತಾನೆ ಎಂದು ತಿಳಿದವರು ಹೇಳುತ್ತಾರೆ. ನಾನು ಮೂರು ವರ್ಷ ಅಲ್ಲಿದ್ದು ಬಂದೆ. ನನ್ನಲ್ಲಿ ವಿಶಾಲವಾದದ್ದು ಸೊಂಟ ಒಂದೇ. ಅದಕ್ಕೂ ವಿದ್ಯೆ ಕಾರಣವಲ್ಲ, ಆಲೂಗಡ್ಡೆ ಕಾರಣ.

ರಾಣಿಯ ಅರಮನೆ, ಎತ್ತರದ ಗೋಪುರ, ನಡುವೆ ಬಾಯಿ ತೆರೆದು ಹಡಗಿಗೆ ದಾರಿಬಿಡುವ ಸೇತುವೆ ಇವನ್ನೆಲ್ಲ ನೋಡಿ ಬಂದವರು ಬೇಕಾದಷ್ಟು ಬರೆದಿದ್ದಾರೆ. ಅವು ಇನ್ನೂ ಅಲ್ಲಿಯೇ ಇವೆ ಎಂಬುದಕ್ಕಿಂತ ಹೆಚ್ಚಿನದನ್ನು ನಾನು ಸೇರಿಸಲಾರೆ. ನಾನು ಹೇಳಹೊರಟಿರುವುದು ಒಂದು ಅಮಾವಾಸ್ಯೆಯ ವಿಷಯ. ಅಮಾವಾಸ್ಯೆಯಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲವಲ್ಲ ಎಂಬ ಆಕ್ಷೇಪಣೆಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕೊಯಮತ್ತೂರು

ನಾವು ಕೊಯಮತ್ತೂರಿನ ಕನ್ನಡಿಗರು. ಹಾಗೆಂದರೆ ಮೈಸೂರಿನ ಓದುಗರು ಹುಬ್ಬೇರಿಸುತ್ತಾರೆಂದು ಬಲ್ಲೆ. ಯಾವುದೋ ಅರಸನ ಕಾಲದಲ್ಲಿ ನಮ್ಮ ಹಿರಿಯರು ಮಗ್ಗ ಹೊತ್ತುಕೊಂಡು ಘಟ್ಟ ಇಳಿದು ಬಂದರಂತೆ. ಯಾಕೆ ಬಂದರು ಎಂಬುದು ಯಾರಿಗೂ ನೆನಪಿಲ್ಲ, ವಾಪಸು ಹೋಗಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು, ಹೊಸ್ತಿಲ ಮೇಲೆ ನಿಂತು ಜಗಳವಾಡುವಾಗ ಎರಡೂ. ಕನ್ನಡದ ಅಕ್ಷರ ಮಾತ್ರ ನಮ್ಮಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ನಾನು ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ಎಲ್ಲಿ ಕಲಿತೆನೆಂಬುದು ಮುಂದೆ ಬರುತ್ತದೆ. ಓದುಗರು ನಂಬದಿದ್ದರೆ ನನ್ನ ಬಲವಂತವಿಲ್ಲ.

ನನ್ನ ತಂದೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಗ್ಗ ಬಿಟ್ಟು ಸೀಮೆಸುಣ್ಣ ಹಿಡಿದ ಮೊದಲಿಗರು ಅವರೇ. ಮಗನನ್ನು ಮತ್ತೆ ಮಗ್ಗಕ್ಕೇ ಕಳಿಸಬೇಕು, ಆದರೆ ಸೂಟು ಹಾಕಿಸಿ ಕಳಿಸಬೇಕು ಎಂಬುದು ಅವರ ಯೋಜನೆ. ಊರಿನಲ್ಲಿ ಗಿರಣಿಗಳಿಗೆ ಕೊರತೆಯಿಲ್ಲ. ಗಿರಣಿಯಲ್ಲಿ ಕುರ್ಚಿಯ ಮೇಲೆ ಕೂರಬೇಕಾದರೆ ಮಾತ್ರ ವಿಲಾಯಿತಿಯ ಪದವಿ ಬೇಕು. ನಮ್ಮ ಜನಾಂಗದ ಸಂಘದವರು ಮೂರು ವರ್ಷಕ್ಕೆ ವಿದ್ಯಾರ್ಥಿವೇತನ ಕೊಟ್ಟರು. ಕೊಡುವಾಗ ಅಧ್ಯಕ್ಷರು ಭಾಷಣ ಮಾಡಿ, ನಾಲ್ಕನೆಯ ವರ್ಷವೆಂಬುದು ತಮ್ಮ ನಿಘಂಟಿನಲ್ಲಿ ಇಲ್ಲವೆಂದು ನಗುತ್ತಾ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ತಿರುಪ್ಪೂರಿನ ಪ್ಲಾಟ್‌ಫಾರಂ

ನಮ್ಮೂರ ಪಕ್ಕದ ಪೋತ್ತನೂರಿನಲ್ಲಿ ಮದರಾಸು ಮೇಲ್ ಗಾಡಿ ಹತ್ತಿದಾಗ ಹಾರಗಳ ಭಾರಕ್ಕೆ ನನ್ನ ಕುತ್ತಿಗೆ ಬಾಗಿತ್ತು. ವಿನಯ ಎಂದು ಹಲವರು ತಿಳಿದರು. ಗಾಡಿ ತಿರುಪ್ಪೂರಿಗೆ ಬಂದಾಗ ಪ್ಲಾಟ್‌ಫಾರಂ ಮೇಲೆ ಅವ್ವ ನಿಂತಿದ್ದಳು. ಅವ್ವ ಎಂದರೆ ನನ್ನ ಅಪ್ಪನ ತಾಯಿ. ತಿರುಪ್ಪೂರಿನ ಆಚೆ ನಮ್ಮ ನೇಕಾರರ ಹಳ್ಳಿಯಲ್ಲಿ ಇವತ್ತಿಗೂ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವವಳು. ಕೈಯಲ್ಲಿ ಚಕ್ಕುಲಿಯಂಥ ಮುರುಕಿನ ಡಬ್ಬ, ನಿಂಬೆಯ ಉಪ್ಪಿನಕಾಯಿಯ ಜಾಡಿ, ಸೆರಗಿನ ತುದಿಯಲ್ಲಿ ನಮ್ಮ ಕುಲದೇವತೆ ಚೌಡಮ್ಮನ ಕುಂಕುಮ. ಎಲ್ಲವನ್ನೂ ಕಿಟಕಿಯಿಂದ ಒಳಗೆ ತೂರಿಸಿ, ನನ್ನ ಕೈಯನ್ನು ಸರಳಿನ ಮೂಲಕ ಹೊರಗೆಳೆದುಕೊಂಡಳು.

"ಕಣ್ಣು, ಒಂದೇ ಮಾತು ಕೇಳು. ವೆಳ್ಳಕಾರನ ಊರಲ್ಲಿ ಏನು ಬೇಕಾದ್ರೂ ತಿನ್ನು, ನಾನು ಕೇಳಕ್ಕೆ ಬರಲ್ಲ."

"ತಿನ್ನಲ್ಲ ಅವ್ವ."

"ತಿಂದ್ರೂ ನನಗೆ ಗೊತ್ತಾಗಲ್ಲ ಬಿಡು. ಆದ್ರೆ ಅಮಾಸೆ ದಿನ ತರಿಲಿ ನೇಯಕೂಡದು. ನಿಮ್ಮ ತಾತ ನೇಯಲಿಲ್ಲ, ಅವರಪ್ಪ ನೇಯಲಿಲ್ಲ. ಕೈ ಮೇಲೆ ಕೈ ಇಟ್ಟು ಹೇಳು."

ವೆಳ್ಳಕಾರ ಎಂದರೆ ಬಿಳಿಯ, ತರಿ ಎಂದರೆ ಮಗ್ಗ. ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ನೇಯುವುದಿಲ್ಲ. ಅಂದು ಮಗ್ಗಕ್ಕೆ ರಜೆ. ಗಂಡಸರು ಅದಕ್ಕೆ ಎಣ್ಣೆ ಹಾಕುತ್ತಾರೆ, ಹರಿದದ್ದನ್ನು ಕಟ್ಟುತ್ತಾರೆ, ಸಡಿಲವಾದದ್ದನ್ನು ಬಿಗಿಯುತ್ತಾರೆ, ಕುಂಕುಮವಿಟ್ಟು ಕೈಮುಗಿಯುತ್ತಾರೆ. ಲಾಳಿ ಮಾತ್ರ ಓಡುವುದಿಲ್ಲ. ಇದನ್ನೆಲ್ಲ ನಾನು ಬಲ್ಲೆ. ಆದರೆ ವಿಶ್ವವಿದ್ಯಾನಿಲಯದ ಮಗ್ಗ ಯಾರ ಪಂಚಾಂಗಕ್ಕೆ ಒಳಪಟ್ಟದ್ದು ಎಂಬ ಪ್ರಶ್ನೆಯನ್ನು ಎತ್ತಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪೋರ್ಟರು ಕೂಗಿದ: "ಕೈಯೈ ವಿಡುಂಗಮ್ಮಾ, ವಂಡಿ ಕೆಳಂಬಿಡುಚ್ಚು!"

ಗಾಡಿ ಹೊರಟೇಬಿಟ್ಟಿತ್ತು. ಅವ್ವ ಕೈ ಬಿಡಲಿಲ್ಲ. ಗಾಡಿಯ ಜೊತೆ ನಡೆಯತೊಡಗಿದಳು, ಆಮೇಲೆ ಓಡತೊಡಗಿದಳು. ಪ್ಲಾಟ್‌ಫಾರಂ ಮುಗಿಯುವ ಜಾಗ ಹತ್ತಿರವಾಗುತ್ತಿತ್ತು. ಮುದುಕಿ ಬೀಳುತ್ತಾಳೆಂಬ ಭಯದಲ್ಲಿ "ನೇಯಲ್ಲ ಅವ್ವ, ಚೌಡಮ್ಮನಾಣೆ ನೇಯಲ್ಲ!" ಎಂದು ಕಿರುಚಿದೆ. ತಕ್ಷಣ ಕೈಬಿಟ್ಟು, ಏನೂ ಆಗದವಳಂತೆ ನಿಂತು ಸೆರಗು ಸರಿಮಾಡಿಕೊಂಡಳು.

ಓಡುವ ರೈಲಿನಲ್ಲಿ, ಬೆದರಿಕೆಯ ಮೇಲೆ ಪಡೆದ ಇಂಥ ವಾಗ್ದಾನ ಯಾವ ನ್ಯಾಯಾಲಯದಲ್ಲಿಯೂ ನಿಲ್ಲದು. ಈರೋಡಿನವರೆಗೆ ಈ ವಾದವನ್ನು ನನಗೆ ನಾನೇ ಮಂಡಿಸಿಕೊಂಡೆ. ಈರೋಡಿನಲ್ಲಿ ಸೋತೆ.

ಹಡಗು

ಹಡಗಿನ ಬಗ್ಗೆ ಹೇಳಬೇಕಾದದ್ದು ಕಡಮೆ, ಯಾಕೆಂದರೆ ಏಡನ್ನಿನವರೆಗೆ ನಾನು ಮಲಗಿಯೇ ಇದ್ದೆ. ಎದ್ದಾಗ ಉಪ್ಪಿನಕಾಯಿಯ ಜಾಡಿ ಒಡೆದು ನನ್ನ ಒಂದೇ ಒಂದು ಸೂಟಿನ ಮೇಲೆ ಹರಡಿತ್ತು. ಆ ಸೂಟನ್ನು ಹಡಗಿನ ಅಗಸರು ಮೂರು ಸಲ ಒಗೆದರು. ವಾಸನೆ ಹೋಗಲಿಲ್ಲ. ಮುಂದೆ ಒಂದು ವರ್ಷ ಮಳೆಯಲ್ಲಿ ನೆನೆದಾಗಲೆಲ್ಲ ನನ್ನಿಂದ ನಿಂಬೆಕಾಯಿಯ ಪರಿಮಳ ಹೊರಡುತ್ತಿತ್ತು. ಮ್ಯಾಂಚೆಸ್ಟರಿನಲ್ಲಿ ನೆನೆಯದ ದಿನವಿಲ್ಲವಾದ್ದರಿಂದ ಮನೆಯ ನೆನಪಿಗೆ ನನಗೆ ಬೇರೆ ಸಾಧನ ಬೇಕಾಗಲಿಲ್ಲ.

ಮ್ಯಾಂಚೆಸ್ಟರು

ಕೊಯಮತ್ತೂರನ್ನು ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಎನ್ನುತ್ತಾರೆ. ನಮ್ಮೂರಿನಲ್ಲಿ ಇದು ಎಲ್ಲರಿಗೂ ಗೊತ್ತು. ಮ್ಯಾಂಚೆಸ್ಟರಿನಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲ ದಿನವೇ ಬಸ್ಸಿನ ಕಂಡಕ್ಟರಮ್ಮನಿಗೆ (ಹೌದು, ಹೆಂಗಸು, ಟೋಪಿ ಹಾಕಿದ್ದಳು) ಈ ಸಂಬಂಧವನ್ನು ಸ್ವಲ್ಪ ಗರ್ವದಿಂದಲೇ ತಿಳಿಸಿದೆ. ಅವಳು ಟಿಕೆಟು ಹರಿಯುತ್ತಾ ಕೇಳಿದಳು: "ಅಲ್ಲೂ ಒಂದು ಇದ್ದಮೇಲೆ ಇಷ್ಟು ದೂರ ಯಾಕೆ ಬಂದೆ, ಲವ್?"

ಪ್ರಶ್ನೆಗಿಂತ ಕೊನೆಯ ಪದಕ್ಕೆ ನಾನು ಬೆವರಿದೆ. ಮರುದಿನ ತರಕಾರಿಯವಳೂ ಹಾಗೇ ಕರೆದಳು. ಅಂಚೆ ಕಚೇರಿಯ ಮುದುಕಿಯೂ ಕರೆದಳು. ಒಂದು ವಾರದಲ್ಲಿ ಇಷ್ಟು ಜನ ಹೆಂಗಸರ ಪ್ರೇಮಕ್ಕೆ ಪಾತ್ರನಾದವನು ನಮ್ಮ ವಂಶದಲ್ಲಿಯೇ ಇಲ್ಲ. ಕೊನೆಗೆ ತಿಳಿಯಿತು: ನಮ್ಮ ಕಡೆ ಮುದುಕಿಯರು ಸಿಕ್ಕಿದವರನ್ನೆಲ್ಲ "ಕಣ್ಣು" ಎನ್ನುವ ಹಾಗೆ ಅವರದು ಅದು. ತಿಳಿದ ಮೇಲೆ ನೆಮ್ಮದಿಯಾಯಿತು. ಸ್ವಲ್ಪ ಬೇಸರವೂ ಆಯಿತು.

ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಮಿಸೆಸ್ ಗ್ರಿಮ್‌ಶಾ. ಪಕ್ಕದ ಊರಾದ ಓಲ್ಡಮ್ಮಿನ ಗಿರಣಿಯಲ್ಲಿ ಮೂವತ್ತು ವರ್ಷ ನೇಯ್ದವಳು. ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದಿರುವುದರಿಂದ ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಗಿರಣಿ ಬಿಟ್ಟರೂ ಅಭ್ಯಾಸ ಬಿಡದು. ಈಕೆ ಬೀದಿಯ ಈಚೆ, ಪಕ್ಕದವಳು ಆಚೆ ನಿಂತು, ಒಂದಿಷ್ಟೂ ಸದ್ದಿಲ್ಲದೆ, ಬಾಯಿಯನ್ನು ಮೀನಿನಂತೆ ಅಗಲಿಸಿ ಅರ್ಧ ಗಂಟೆ ಹರಟುತ್ತಿದ್ದರು. ನಮ್ಮ ಗಿರಣಿಯವರೂ ಅದೇ ಗದ್ದಲದಲ್ಲಿ ಬದುಕುವವರೇ. ಅವರು ಕಂಡುಕೊಂಡ ಪರಿಹಾರ ಇನ್ನೂ ಜೋರಾಗಿ ಕಿರುಚುವುದು.

ಯುದ್ಧ ಮುಗಿದು ಎಷ್ಟೋ ವರ್ಷವಾದರೂ ಅಲ್ಲಿ ರೇಷನ್ ಮುಗಿದಿರಲಿಲ್ಲ. ಮಾಂಸ ತಿನ್ನದವನೆಂದು ಬರೆದುಕೊಟ್ಟದ್ದಕ್ಕೆ ಸರ್ಕಾರ ನನಗೆ ಹೆಚ್ಚುವರಿ ಚೀಸು ಮಂಜೂರು ಮಾಡಿತು. ಸೋಪಿನಂತೆ ಕಾಣುವ, ಸೋಪಿನಷ್ಟು ರುಚಿಯಿಲ್ಲದ ಆ ಪದಾರ್ಥವನ್ನು ಮಿಸೆಸ್ ಗ್ರಿಮ್‌ಶಾಳಿಗೆ ಅರ್ಪಿಸಿದೆ. ಅಂದಿನಿಂದ ನನ್ನ ತಟ್ಟೆಯಲ್ಲಿ ಆಲೂಗಡ್ಡೆಯ ರಾಶಿ ದಿನದಿನಕ್ಕೆ ಬೆಳೆಯಿತು.

ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಧಾರವಾಡದ ಕುಲಕರ್ಣಿ ಇದ್ದ. ಬಣ್ಣಗಾರಿಕೆಯ ರಸಾಯನಶಾಸ್ತ್ರ ಓದುತ್ತಿದ್ದ. ಕನ್ನಡಿಗನೆಂದು ತಿಳಿದು ಓಡಿಹೋಗಿ ನಾಲ್ಕು ಮಾತಾಡಿದೆ. ಅವನು ಕಿವಿಗೊಟ್ಟು ಕೇಳಿ, "ಏ ತಮ್ಮಾ, ನೀ ಆಡೋದು ಕನ್ನಡ ಹೌದೋ ಅಲ್ಲೋ, ಮೊದಲ ಅದನ್ನ ಹೇಳು" ಎಂದ.

"ಹೌದುಂಗ" ಎಂದೆ, ನಮ್ಮ ಕಡೆ ಮರ್ಯಾದೆಗೆ ಸೇರಿಸುವ 'ಂಗ' ಸೇರಿಸಿ.

"ಹೌದುಂಗ ಅಂತ! ಓದಾಕ ಬರತದೇನು?"

ಬರುವುದಿಲ್ಲವೆಂದೆ. ಅವನು ಅದನ್ನು ತನ್ನ ಸ್ವಂತ ಮನೆಗೆ ಬಿದ್ದ ಬೆಂಕಿ ಎಂದು ಭಾವಿಸಿ, ಅಂದೇ ಚಳಿಕಾಯಿಸುವ ಒಲೆಯ ಮುಂದೆ ಕೂರಿಸಿ 'ಅ'ಕಾರದಿಂದ ಪ್ರಾರಂಭಿಸಿದ. ಹೀಗೆ ಕನ್ನಡದ ಅಕ್ಷರಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಹೋದವನು ನಾನೊಬ್ಬನೇ ಇರಬೇಕು.

ಹಿತ್ತಲ ಬೀದಿ, ಒಂದು ಭಾನುವಾರ

ಶನಿವಾರ ಮಳೆ. ಭಾನುವಾರ ಅಪರೂಪಕ್ಕೆ ಬಿಸಿಲು. ನಮ್ಮೂರಿನವನಿಗೆ ಬಿಸಿಲು ಕಂಡರೆ ಏನು ತೋಚಬೇಕೋ ಅದೇ ನನಗೂ ತೋಚಿತು. ಎರಡು ವೇಷ್ಟಿ, ಎಂದರೆ ಪಂಚೆ, ಒಗೆದು, ಹಿತ್ತಲ ಬೀದಿಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ್ದ ಹಗ್ಗದ ಮೇಲೆ ಉದ್ದಕ್ಕೂ ಹರವಿದೆ. ಗಾಳಿಗೆ ಅವು ದೊಡ್ಡ ಹಡಗಿನ ಹಾಯಿಯ ಹಾಗೆ ಉಬ್ಬಿ ನಿಂತವು. ನೋಡಲು ಚೆನ್ನಾಗಿತ್ತು.

ಒಂದೊಂದಾಗಿ ಎಲ್ಲ ಮನೆಯ ಕಿಟಕಿಯ ಪರದೆಗಳೂ ಮುಚ್ಚಿಕೊಂಡವು. ಪ್ರಾರ್ಥನೆ ಮುಗಿಸಿ ಬಂದ ಮಿಸೆಸ್ ಗ್ರಿಮ್‌ಶಾ ಬಾಗಿಲಲ್ಲೇ ಕಂಬವಾದಳು. ಬಾಯಿ ತೆರೆದಳು, ಸದ್ದು ಬರಲಿಲ್ಲ. ಆ ಗಳಿಗೆಯಲ್ಲಿ ತುಟಿ ಓದುವ ವಿದ್ಯೆ ನನಗೂ ಬಂದುಬಿಟ್ಟಿತು.

"ಭಾನುವಾರ!" ಎಂದಳು ಕಡೆಗೆ. "ಭಾನುವಾರ ಬಟ್ಟೆ ಹರವಿದ್ದೀಯ! ಇಡೀ ಬೀದಿಗೆ ಕಾಣುವ ಹಾಗೆ! ನನ್ನ ಹಗ್ಗದ ಮೇಲೆ!"

"ಬಿಸಿಲು ಬಂದಿತ್ತು."

"ಬರಲಿ! ಬಿಸಿಲು ತನ್ನ ಪಾಡಿಗೆ ಬಂದು ಹೋಗಲಿ. ನನ್ನ ತಾಯಿ ಬದುಕಿದ್ದಿದ್ದರೆ ಇವತ್ತು ಸಾಯುತ್ತಿದ್ದಳು."

ಒದ್ದೆ ವೇಷ್ಟಿಗಳನ್ನು ಒಳಗೆ ತಂದೆವು. ಭಾನುವಾರ ಆಕೆ ಬಟ್ಟೆ ಹರವುವುದಿಲ್ಲ, ಹೊಲಿಯುವುದಿಲ್ಲ, ಹೆಣೆಯುವ ಕಡ್ಡಿಯನ್ನು ಮುಟ್ಟುವುದಿಲ್ಲ. ಯಾಕೆಂದು ಕೇಳಿದೆ. "ತಾಯಿಗೆ ಮಾತು ಕೊಟ್ಟಿದ್ದೇನೆ" ಎಂದಳು. ಯಾವ ಸಂದರ್ಭದಲ್ಲಿ ಎಂದು ಕೇಳಬೇಕೆನಿಸಿತು. ಓಡುವ ರೈಲಿನಲ್ಲಿಯೇ ಇರಬಹುದೆಂದು ಊಹಿಸಿ ಸುಮ್ಮನಾದೆ. ಅದಕ್ಕೆ ಬದಲಾಗಿ ತಿರುಪ್ಪೂರಿನ ಪ್ಲಾಟ್‌ಫಾರಮ್ಮಿನ ಕಥೆ ಹೇಳಿದೆ. ಆಕೆ ಗಂಭೀರವಾಗಿ ಕೇಳಿದಳು. "ಒಳ್ಳೆಯ ಹೆಂಗಸು" ಎಂದಳು. "ಓಡಿದಳೇ? ಎಷ್ಟು ವಯಸ್ಸು?"

ಅಮಾವಾಸ್ಯೆಗಳ ನಿರ್ಣಯ

ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಾದರೆ ಮೊದಲು ಅಮಾವಾಸ್ಯೆ ಯಾವತ್ತೆಂದು ತಿಳಿಯಬೇಕು. ಮ್ಯಾಂಚೆಸ್ಟರಿನ ಆಕಾಶವನ್ನು ನೋಡಿ ತಿಳಿಯೋಣವೆಂದರೆ ಅಲ್ಲಿ ವರ್ಷಪೂರ್ತಿ ಅಮಾವಾಸ್ಯೆ. ಈ ತೊಡಕನ್ನು ಕುಲಕರ್ಣಿ ಬಿಡಿಸಿದ. ಬೆಳಗಿನ ಪತ್ರಿಕೆಯ ಮೂಲೆಯಲ್ಲಿ ಹವಾಮಾನದ ಕೆಳಗೆ ಚಂದ್ರನ ವಿಷಯ ಒಂದು ಸಾಲು ಇರುತ್ತಿತ್ತು.

"ನೋಡು, ಬರದಾರ. ನ್ಯೂ ಮೂನ್. ನ್ಯೂ ಮೂನ್ ಅಂದ್ರ ಅಮಾಸಿ."

"ಖಂಡಿತವಾಗಿಯೂ?"

"ನಮ್ಮಜ್ಜ ಊರಿಗೆಲ್ಲಾ ಪಂಚಾಂಗ ಹೇಳತಿದ್ದ. ನನಗ ಸಂಶಯ ಕೇಳತೀಯೇನು?"

ಅಂಥ ವಂಶದವನನ್ನು ಸಂಶಯಿಸುವುದು ಸಭ್ಯತೆಯಲ್ಲ. ಅಂದಿನಿಂದ ಪತ್ರಿಕೆ ಹೇಳಿದ ದಿನ ನನಗೆ ತಪ್ಪದೆ ತಲೆನೋವು ಬರುತ್ತಿತ್ತು. ಮಗ್ಗಶಾಲೆ ಬಿಟ್ಟು ಗ್ರಂಥಾಲಯದಲ್ಲಿ ಕೂರುತ್ತಿದ್ದೆ. ತಿಂಗಳಿಗೊಮ್ಮೆ ಕಾಣಿಸುವ ನನ್ನ ಈ ತಲೆನೋವಿನ ಬಗ್ಗೆ ನಮ್ಮ ಅಧ್ಯಾಪಕ ಮಿಸ್ಟರ್ ಥ್ವೇಟ್ ಸಹಾನುಭೂತಿಯಿಂದ ವಿಚಾರಿಸುತ್ತಿದ್ದರು. ಹೀಗೆ ಮೂರನೆಯ ವರ್ಷದವರೆಗೆ ದೇವರು, ಅಜ್ಜಿ, ವಿಶ್ವವಿದ್ಯಾನಿಲಯ ಮೂವರೂ ಸುಖವಾಗಿದ್ದರು.

ಆಮೇಲೆ ಕೊನೆಯ ಪರೀಕ್ಷೆಯ ವೇಳಾಪಟ್ಟಿ ಬಂತು. ಮಗ್ಗದ ಪರೀಕ್ಷೆ ಗುರುವಾರ: ಕೆಟ್ಟ ಯಂತ್ರಮಗ್ಗವೊಂದನ್ನು ರಿಪೇರಿ ಮಾಡುವುದು ಅರ್ಧ, ಅದರಲ್ಲಿ ಬಟ್ಟೆ ನೇಯ್ದು ತೋರಿಸುವುದು ಇನ್ನರ್ಧ. ಮನೆಗೆ ಆ ದಿನವನ್ನು ಬರೆದೂ ಬಿಟ್ಟೆ. ಪರೀಕ್ಷೆಯ ವಾರದ ಸೋಮವಾರ ಬೆಳಿಗ್ಗೆ ಕುಲಕರ್ಣಿ ಪತ್ರಿಕೆ ಹಿಡಿದುಕೊಂಡು ಬಂದು ಮೂಲೆಯ ಸಾಲಿನ ಮೇಲೆ ಬೆರಳಿಟ್ಟ. ಗುರುವಾರ, ನ್ಯೂ ಮೂನ್.

"ಬಿಡೋ. ಮುದುಕಿಗೆ ಏನು ಗೊತ್ತಾಗತದ?" ಎಂದ.

ಗೊತ್ತಾಗುವುದಿಲ್ಲ ನಿಜ. ಆದರೆ ಪ್ಲಾಟ್‌ಫಾರಮ್ಮಿನ ತುದಿಯವರೆಗೆ ಓಡಿದವಳ ಮುಖವೇ ಕಣ್ಣಮುಂದೆ ಬರುತ್ತಿತ್ತು. ಪರೀಕ್ಷೆ ತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು, ಅಧ್ಯಕ್ಷರ ನಿಘಂಟಿನಲ್ಲಿ ಆ ವರ್ಷ ಇಲ್ಲ. ಬರಿಗೈಯಲ್ಲಿ ಕೊಯಮತ್ತೂರಿಗೆ ಹೋಗಿ ಅಪ್ಪನ ಮುಂದೆ ನಿಲ್ಲಬೇಕು. ಕಾರಣ ಕೇಳಿದರೆ ಚಂದ್ರನನ್ನು ತೋರಿಸಬೇಕು, ಅದೂ ಕಾಣದ ಚಂದ್ರನನ್ನು. ಅಂದು ನಾನು ಆಲೂಗಡ್ಡೆ ಮುಟ್ಟಲಿಲ್ಲ.

ಮಿಸೆಸ್ ಗ್ರಿಮ್‌ಶಾ ತಟ್ಟೆ ನೋಡಿದಳು, ನನ್ನನ್ನು ನೋಡಿದಳು. "ಯಾರು ಸತ್ತರು?" ಎಂದಳು. ಹೇಳಿದೆ. ಆಕೆ ಎಪ್ರನ್ ಬಿಚ್ಚಿ, ಭಾನುವಾರದ ಟೋಪಿ ಹಾಕಿಕೊಂಡಳು.

ಮಿಸ್ಟರ್ ಥ್ವೇಟ್ ಅವರ ಕೋಣೆ

ಮಿಸ್ಟರ್ ಥ್ವೇಟ್ ಸಣ್ಣ ಆಳು, ದೊಡ್ಡ ಮೀಸೆ. ಮಿಸೆಸ್ ಗ್ರಿಮ್‌ಶಾಳೂ ಅವರೂ ಒಂದೇ ಪ್ರಾರ್ಥನಾಮಂದಿರಕ್ಕೆ ಹೋಗುವವರೆಂಬುದು ನನಗೆ ಆವರೆಗೆ ತಿಳಿದಿರಲಿಲ್ಲ. ಆಕೆ ಕುರ್ಚಿ ಕೊಡುವವರೆಗೆ ಕಾಯದೆ ಕೂತಳು.

"ಥ್ವೇಟ್, ಈ ಹುಡುಗ ಗುರುವಾರ ನೇಯುವುದಿಲ್ಲ."

"ಕಾಯಿಲೆಯೇ?"

"ಅಲ್ಲ. ಚಂದ್ರ."

ಥ್ವೇಟ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಲ್ಪಸ್ವಲ್ಪ ವಿವರಿಸಿದೆ. ಅವರು ಪೈಪನ್ನು ಬಾಯಿಂದ ತೆಗೆದು, ಅತ್ಯಂತ ಮರ್ಯಾದೆಯಿಂದ ನುಡಿದರು: "ನಮ್ಮ ನಿಯಮಾವಳಿಯಲ್ಲಿ ಜ್ವರಕ್ಕೆ ಅವಕಾಶವಿದೆ. ಹತ್ತಿರದ ಬಂಧುವಿನ ಸಾವಿಗೆ ಅವಕಾಶವಿದೆ. ಆಕಾಶಕಾಯಗಳಿಗೆ ಇಲ್ಲ."

"ನೀವು ಭಾನುವಾರ ನೇಯುತ್ತೀರಾ, ಥ್ವೇಟ್?"

"ಇಲ್ಲ."

"ಯಾಕೆ?"

ಥ್ವೇಟ್ ಮೀಸೆ ಸವರಿಕೊಂಡರು. "ನನ್ನ ತಾಯಿ..."

"ಇವನಿಗೆ ಅಜ್ಜಿ. ನಿಮಗಿಂತ ಒಂದು ತಲೆಮಾರು ಮೇಲೆ." ಆಕೆ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. "ಬೇಸಿಗೆಯಲ್ಲಿ ಓಲ್ಡಮ್ಮಿನ ಒಂದೊಂದು ಮಗ್ಗವೂ ಒಂದು ವಾರ ನಿಲ್ಲುತ್ತದೆ. ಇಡೀ ಊರು ಸಮುದ್ರದ ದಂಡೆಗೆ ಹೋಗಿ ಕಾಲು ನೆನೆಸಿಕೊಂಡು ಐಸ್ಕ್ರೀಂ ತಿನ್ನುತ್ತದೆ. ಆಗ ಯಾರಾದರೂ ನಿಯಮಾವಳಿ ತೆಗೆದರೇ? ಇವನು ಕೇಳುವುದು ಒಂದು ದಿನ. ಐಸ್ಕ್ರೀಮನ್ನೂ ಕೇಳುತ್ತಿಲ್ಲ."

ಥ್ವೇಟ್ ಎದ್ದು ಕಿಟಕಿಯ ಹತ್ತಿರ ಹೋದರು. ಹೊರಗೆ ಮಳೆ. ಅಲ್ಲಿಂದ ತಿರುಗಿ ನನ್ನನ್ನು ಕೇಳಿದರು: "ಆ ದಿನ ಮಗ್ಗವನ್ನು ಮುಟ್ಟಲೇಬಾರದೋ, ನೇಯಬಾರದೋ?"

"ನೇಯಬಾರದು. ರಿಪೇರಿ ಮಾಡಬಹುದು. ಮಾಡಲೇಬೇಕು. ನಮ್ಮಲ್ಲಿ ಅದಕ್ಕೇ ಇರುವ ದಿನ ಅದು."

"ಹಾಗಾದರೆ ನಿನ್ನ ಅಜ್ಜಿಗೂ ನನಗೂ ಅರ್ಧ ಜಗಳ ಮಾತ್ರ" ಎಂದರು ಥ್ವೇಟ್. ಹೊರಗಿನಿಂದ ಬರುವ ಪರೀಕ್ಷಕರು ಶುಕ್ರವಾರ ಮಧ್ಯಾಹ್ನದವರೆಗೆ ಇರುತ್ತಾರೆ. ಗುರುವಾರ ಎಲ್ಲರೊಂದಿಗೆ ರಿಪೇರಿ, ಶುಕ್ರವಾರ ಬೆಳಿಗ್ಗೆ ಒಬ್ಬನೇ ನೇಯ್ಗೆ. ಪರೀಕ್ಷಕರನ್ನು ಒಪ್ಪಿಸುವುದು ತಮ್ಮ ಹೊಣೆ. "ಆದರೆ ನಾನು ಅವರಿಗೆ ಚಂದ್ರನ ಹೆಸರು ಹೇಳುವುದಿಲ್ಲ. ಧಾರ್ಮಿಕ ಕಾರಣ ಎನ್ನುತ್ತೇನೆ."

ಹೊರಗೆ ಬಂದ ಮೇಲೆ ಮಿಸೆಸ್ ಗ್ರಿಮ್‌ಶಾಳಿಗೆ ವಂದನೆ ಹೇಳಹೋದೆ. "ವಂದನೆ ಇರಲಿ, ಲವ್" ಎಂದಳು. "ಇವತ್ತಿನ ಆಲೂಗಡ್ಡೆ ಒಲೆಯ ಮೇಲಿಟ್ಟಿದ್ದೇನೆ. ಅದನ್ನು ಮುಗಿಸು."

ನಿಶ್ಚಿಂತೆಯಾಯಿತು. ಮಂಗಳವಾರ, ಬುಧವಾರ ಎರಡೂ ದಿನ ಮಗ್ಗಶಾಲೆ ತೆರೆದಾಗ ಹೊಕ್ಕವನು ಮುಚ್ಚುವಾಗ ಹೊರಬಿದ್ದೆ. ನೇಯ್ದದ್ದೇ ನೇಯ್ದದ್ದು. ವಿಶೇಷವಾಗಿ ಬುಧವಾರ ಕೈ ಎಷ್ಟು ಚೆನ್ನಾಗಿ ಓಡಿತೆಂದರೆ, ಊಟಕ್ಕೂ ಏಳಲಿಲ್ಲ.

ಗುರುವಾರ ಮತ್ತು ಶುಕ್ರವಾರ

ಗುರುವಾರ ಸ್ನಾನ ಮಾಡಿ, ಚೌಡಮ್ಮನ ಕುಂಕುಮವನ್ನು ನನ್ನ ಪಾಲಿನ ಮಗ್ಗದ ಮೂಲೆಗೆ ಯಾರೂ ಕಾಣದಂತೆ ಇಟ್ಟೆ. ಪರೀಕ್ಷಕರು ಕಂಡರು. ಬೊಜ್ಜಿನ ಆಸಾಮಿ, ತಲೆಯ ಮೇಲೆ ದುಂಡನೆಯ ಕರಿ ಟೋಪಿ. "ತುಕ್ಕೋ?" ಎಂದು ಕೇಳಿದರು. "ಧಾರ್ಮಿಕ ಕಾರಣ" ಎಂದರು ಥ್ವೇಟ್. ಪರೀಕ್ಷಕರು ಒಂದು ಹೆಜ್ಜೆ ಹಿಂದೆ ಸರಿದರು.

ರಿಪೇರಿ ಸೊಗಸಾಗಿ ಆಯಿತು. ಲಾಳಿಯನ್ನು ಹೊಡೆಯುವ ಕೋಲು ಸಡಿಲವಾಗಿತ್ತು. ಬಿಗಿಮಾಡಿ, ಎಣ್ಣೆ ಹಾಕಿ, ಒರೆಸಿ ನಿಲ್ಲಿಸಿದೆ. ಪರೀಕ್ಷಕರು ಬಗ್ಗಿ ನೋಡಿ "ಭೇಷ್" ಎಂಬರ್ಥದ ಒಂದು ಸದ್ದು ಹೊರಡಿಸಿದರು. ಉಳಿದವರೆಲ್ಲ ನೇಯಲು ತೊಡಗಿದಾಗ ನಾನು ಕೈಕಟ್ಟಿ ಬಾಗಿಲಿನ ಬಳಿ ನಿಂತೆ. ಆ ಗದ್ದಲದ ನಡುವೆ ಸುಮ್ಮನಿದ್ದ ಮಗ್ಗ ನನ್ನದೊಂದೇ. ಮಾತು ಉಳಿಸಿಕೊಂಡವನ ಮುಖದಲ್ಲಿ ಯಾವ ಕಳೆ ಇರುತ್ತದೋ ಅದು ನನ್ನಲ್ಲಿಯೂ ಇತ್ತೆಂದು, ಬಾಗಿಲಲ್ಲಿ ಇಣುಕಿಹೋಗಿದ್ದ ಕುಲಕರ್ಣಿ ಆಮೇಲೆ ಹೇಳಿದ. ಅಜೀರ್ಣವಾದವನ ಹಾಗೆ ಕಾಣುತ್ತಿದ್ದೆನಂತೆ.

ಶುಕ್ರವಾರ ಬೆಳಿಗ್ಗೆ ಒಬ್ಬನೇ ನೇಯಬೇಕಾಗಿತ್ತು. ಚಂದ್ರನ ಸುದ್ದಿ ಹೇಗೋ ಹರಡಿ ಇಡೀ ತರಗತಿ ನೋಡಲು ನೆರೆದಿತ್ತು. ಮಗ್ಗ ಹೊರಟಿತು. ಬಟ್ಟೆ ಒಂದು ಗೇಣು ಚೆನ್ನಾಗಿಯೇ ಇಳಿಯಿತು. ಪರೀಕ್ಷಕರು ತೃಪ್ತಿಯಿಂದ ತಲೆಯಾಡಿಸಿ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಆಗ, ನಿನ್ನೆ ನಾನೇ ಬಿಗಿದು ಭೇಷ್ ಎನಿಸಿಕೊಂಡ ಕೋಲು ಲಾಳಿಯನ್ನು ಹೊಡೆದ ರಭಸಕ್ಕೆ, ಲಾಳಿ ಮಗ್ಗವನ್ನು ಬಿಟ್ಟು ಗಾಳಿಯಲ್ಲಿ ಹೊರಟಿತು. ಟೋಪಿಯ ಒಂದು ಪಕ್ಕದಿಂದ ಒಳಹೊಕ್ಕು ಇನ್ನೊಂದು ಪಕ್ಕದಲ್ಲಿ ಮೂಗು ತೋರಿಸಿ ನಿಂತಿತು.

ಪರೀಕ್ಷಕರು ಲಾಳಿಯನ್ನು ಟೋಪಿಯಿಂದ ಹೊರಗೆಳೆದು ನನ್ನ ಕೈಗಿತ್ತರು.

"ಇದೂ ಧಾರ್ಮಿಕವೋ?" ಎಂದು ಥ್ವೇಟ್ ಅವರ ಕಡೆ ತಿರುಗಿ ಪರೀಕ್ಷಕರು ಕೇಳಿದರು.

ಮತ್ತೆ ತಿರುಪ್ಪೂರು

ಹಿಂದಿರುಗುವಾಗ ಪೋತ್ತನೂರಿನವರೆಗೆ ಹೋಗಲಿಲ್ಲ. ತಿರುಪ್ಪೂರಿನಲ್ಲೇ ಇಳಿದೆ. ಅವ್ವನ ಹಳ್ಳಿಗೆ ಕರೆದೊಯ್ಯಲು ಅಪ್ಪ ಬಂದಿದ್ದರು. ನಾನಿಲ್ಲದಾಗ ದೇಶದಲ್ಲಿ ಭಾಷೆಯ ಪ್ರಕಾರ ರಾಜ್ಯಗಳನ್ನು ಹಂಚುವ ಮಾತು ಬಲವಾಗಿತ್ತು. ನಮ್ಮನ್ನು ಯಾರೂ ಕೇಳಿರಲಿಲ್ಲ, ನಾವು ಇದ್ದಲ್ಲಿಯೇ ಇದ್ದೆವು. ಅವ್ವ ಕೂಡ ಇದ್ದಲ್ಲಿಯೇ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮ್ಯಾಂಚೆಸ್ಟರಿನಿಂದ ತಂದ ಉಣ್ಣೆಯ ಶಾಲನ್ನು ಹೊದಿಸಿದೆ. ಅಂಚನ್ನು ಬೆರಳಲ್ಲಿ ಹಿಸುಕಿ ನೋಡಿ, "ಕರೆ ಸರಿಯಾಗಿ ಹಿಡಿದಿಲ್ಲ" ಎಂದಳು. ಕರೆ ಎಂದರೆ ಅಂಚು. ಹೊದ್ದುಕೊಂಡಳು.

ನಾನು ಕಾಯುತ್ತಿದ್ದ ಗಳಿಗೆ ಬಂತು. ಗಂಟಲು ಸರಿಮಾಡಿಕೊಂಡು, ಆಕೆಯ ಮಾತಿಗೋಸ್ಕರ ಒಂದು ವಿಶ್ವವಿದ್ಯಾನಿಲಯ ಹೇಗೆ ಬಾಗಿತೆಂಬುದನ್ನು ಮೊದಲಿನಿಂದ ವರ್ಣಿಸಿದೆ. ಗ್ರಿಮ್‌ಶಾ, ಥ್ವೇಟ್, ಟೋಪಿ, ಯಾರನ್ನೂ ಬಿಡಲಿಲ್ಲ. "ಗುರುವಾರ ಅಮಾಸೆ ಅಂತ ಲಾಳಿ ಮುಟ್ಟಲಿಲ್ಲ ಅವ್ವ. ವೆಳ್ಳಕಾರರೆಲ್ಲ ನೇಯ್ತಿದ್ರು, ನಾನು ಕೈಕಟ್ಟಿ ನಿಂತಿದ್ದೆ."

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಗುರುವಾರ ಯಾಕೆ ನಿಂತೆ ಕಣ್ಣು? ಅಮಾಸೆ ಬುಧವಾರ ಅಲ್ವಾ?"

"ಗುರುವಾರ ಅವ್ವ. ಪೇಪರಲ್ಲಿ ಬಂದಿತ್ತು."

"ಪೇಪರಿಗೆ ಏನು ತೆರಿಯುತ್ತೆ, ಏನು ಗೊತ್ತಾಗುತ್ತೆ? ನಿನ್ನ ಪರೀಕ್ಷೆ ಗುರುವಾರ ಅಂತ ನಿಮ್ಮಪ್ಪ ಹೇಳಿದ. ಸದ್ಯ, ಅಮಾಸೆ ಮುಗಿದ ಮಾರನೇ ದಿನ ಬಿತ್ತಲ್ಲ ಅಂತ ಚೌಡಮ್ಮನಿಗೆ ಕಾಯಿ ಒಡೆದು, ಆ ಗುರುವಾರವೇ ನಿನ್ನ ಹೆಸರಲ್ಲಿ ತರಿಗೆ ಹೊಸ ಹಾಸಿನ ನೂಲು ಏರಿಸಿದೆ. ಅಮಾಸೆ ದಿನ ಏರಿಸ್ತೀನಾ ನಾನು?"

ಅಪ್ಪನ ಕಡೆ ತಿರುಗಿದೆ. ಅವರು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದರು. ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದರು: "ಇಂಗ್ಲಿಷಿನವರ ನ್ಯೂ ಮೂನ್ ಎಂದರೆ ನಮ್ಮ ಅಮಾವಾಸ್ಯೆ ಮುಗಿಯುವ ಗಳಿಗೆ. ಆ ಸಲ ಅದು ಗುರುವಾರ ಹೊತ್ತು ಹುಟ್ಟುವ ಮೊದಲೇ ಬಂದುಹೋಯಿತು. ಬುಧವಾರ ಪೂರ್ತಿ ಅಮಾವಾಸ್ಯೆ, ಗುರುವಾರ ಪಾಡ್ಯ. ಇಷ್ಟು ತಿಳಿಯಲಿಲ್ಲವೇನೋ?"

ಹಾಗಾದರೆ ಮೂರು ವರ್ಷ ನಾನು ತಲೆನೋವಿನಿಂದ ಆಚರಿಸಿದ್ದರಲ್ಲಿ ಕೆಲವಾದರೂ ಪಾಡ್ಯಗಳು. ಕುಲಕರ್ಣಿಯ ಅಜ್ಜನ ಶಿಷ್ಯರ ಗತಿಯನ್ನು ನೆನೆದು ಮರುಗಿದೆ.

"ಬುಧವಾರ ಏನು ಮಾಡ್ತಿದ್ದೆ?" ಎಂದಳು ಅವ್ವ.

"ನೇಯ್ತಿದ್ದೆ."

"ಎಷ್ಟು ಹೊತ್ತು?"

"ಬೆಳಗಿಂದ ಸಾಯಂಕಾಲದವರೆಗೆ. ಊಟಕ್ಕೂ ಏಳಲಿಲ್ಲ."

"ಅದಕ್ಕೇ ಲಾಳಿ ಹಾರಿದ್ದು" ಎಂದರು ಅಪ್ಪ. ದೇವರು, ದಿಂಡರು, ಶಕುನ ಯಾವುದನ್ನೂ ನಂಬದ ಗಣಿತದ ಮೇಷ್ಟ್ರು!

ಅವ್ವ ಹಾಸಿನ ಎಳೆಗಳನ್ನು ಅಂಗೈಯಲ್ಲಿ ಸವರುತ್ತಾ ಯೋಚಿಸಿದಳು. ನಾನು ಮ್ಯಾಂಚೆಸ್ಟರಿನ ಪರೀಕ್ಷಕರ ಮುಂದೆಯೂ ಅಷ್ಟು ಬೆವರಿರಲಿಲ್ಲ. ಕೊನೆಗೆ ತಲೆಯೆತ್ತಿ ಕೇಳಿದಳು:

"ಆ ಊರಲ್ಲಿ ತರಿಗೆ ಗುಂಡಿ ಇದೆಯಾ?"

"ಇಲ್ಲ ಅವ್ವ."

"ಕಾಲಲ್ಲಿ ತುಳಿತಾರಾ?"

"ಇಲ್ಲ. ಕರೆಂಟು."

"ಲಾಳಿ ಕೈಯಲ್ಲಿ ಎಸೀತಾರಾ?"

"ಅದೇ ಹೋಗುತ್ತೆ."

"ಹಂಗಾದ್ರೆ ನೀನೇನು ಮಾಡ್ತೀಯ?"

"ನಿಂತ್ಕೊಂಡು ನೋಡ್ತೀನಿ."

ಅವ್ವ ನನ್ನ ಅಪ್ಪನನ್ನು ಕನಿಕರದಿಂದ ನೋಡಿದಳು. ಆಮೇಲೆ ನನ್ನ ಕೆನ್ನೆ ಸವರಿ, "ಪರವಾಗಿಲ್ಲ ಕಣ್ಣು, ಮಾತು ತಪ್ಪಿಲ್ಲ. ನಿಂತು ನೋಡೋದು ನೇಯ್ಗೆ ಅಲ್ಲ. ಮೂರು ವರ್ಷ ನೀನು ಒಂದು ದಿನಾನೂ ನೇಯ್ದಿಲ್ಲ. ಕೈ ಕಾಲು ತೊಳ್ಕೊಂಡು ಬಾ, ಊಟಕ್ಕೆ ಹಾಕ್ತೀನಿ" ಎಂದಳು. ಕಾಲಿನಿಂದ ಹಲಗೆ ತುಳಿದು ಲಾಳಿಯನ್ನು ಆಚೆಗೆಸೆದಳು.

ಆಮೇಲೆ ಪಂಚಾಂಗ ತೆಗೆದು ನೋಡಿದೆ: ಪರೀಕ್ಷೆಯ ವಾರ ಅಮಾವಾಸ್ಯೆ ಬುಧವಾರವೇ ಇತ್ತು. ನೇಯ್ಗೆಯಲ್ಲಿ ನನಗೆ ಎರಡನೆಯ ದರ್ಜೆ ಬಂದಿದೆ.